ಕಿರುತೆರೆ ಪ್ರಶ್ನೋತ್ತರ: ಆ ಫೋನ್ ಬೈಗುಳ ಯಾರಿಗೆ?

ಪ್ರ: ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯ ‘ಒಝಿಮ್ಯಾಂಡಿಯಸ್’ ಕಂತಿನಲ್ಲಿ ಮಾದಕವಸ್ತು ದಂಧೆಯ ವಾಲ್ಟ್ ಹೆಂಡತಿ ಸ್ಕೈಲರ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬಯ್ಯುತ್ತಾನಲ್ಲ, ಅದು ನಿಜವಾದ ಸಿಟ್ಟೇ? ಮನೆಯಲ್ಲಿ ಇದೇ ಜಗಳ.
– ಓದುಗರೊಬ್ಬರು, ಶಿವಮೊಗ್ಗ

ಉ: 2013ರ ಸೆಪ್ಟೆಂಬರ್ 15ರಂದು ಅಮೆರಿಕದಲ್ಲಿ ಪ್ರಸಾರವಾದಾಗಲೂ ಅಭಿಮಾನಿಗಳು ಇದಕ್ಕೇ ಎರಡು ಪಾಳಯವಾದರು. ಕೆಲವರಿಗಂತೂ ಸ್ಕೈಲರ್‌ಗೆ ತಕ್ಕ ಶಾಸ್ತಿಯಾಯಿತೆಂಬ ಖುಷಿ! (ಆ ಪಾತ್ರದ ಮೇಲಿನ ದ್ವೇಷ ತಮ್ಮವರೆಗೂ ಬಂದದ್ದನ್ನು ನಟಿ ಆನಾ ಗನ್ ಹಿಂದಿನ ತಿಂಗಳಷ್ಟೇ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದಿದ್ದರು.) ಹಾಗೆ ಖುಷಿಪಟ್ಟವರು ನೋಡಿದ್ದು ಅರ್ಧ ದೃಶ್ಯ. ಇನ್ನೊಮ್ಮೆ ಹಾಕಿ, ಮಾತು ಬಿಟ್ಟು ಮುಖ ನೋಡಿ. ಪೊಲೀಸರಿಲ್ಲ ತಾನೇ ಎಂದು ಆತ ಮೊದಲೇ ಕೇಳುತ್ತಾನೆ. ಅವಳು ಇಲ್ಲವೆಂದರೂ ಕೇಳಿಸಿಕೊಳ್ಳುತ್ತಿದ್ದಾರೆಂದು ಊಹಿಸಿದ್ದಾನೆ. ಆಮೇಲಿನದೆಲ್ಲ ಪೊಲೀಸರ ಕಿವಿಗೆ: ದಂಧೆ ಕಟ್ಟಿದ್ದು ತಾನೊಬ್ಬನೇ, ಅವಳ ಪಾಲೇನೂ ಇಲ್ಲ. ದನಿ ಕಟು, ಕಣ್ಣಲ್ಲಿ ನೀರು. ನಡುವೆ ಸ್ಕೈಲರ್‌ಗೂ ಹೊಳೆಯುತ್ತದೆ. ಕ್ಷಮೆ ಕೇಳುತ್ತಾ ಆಟಕ್ಕೆ ಸೇರಿಕೊಳ್ಳುತ್ತಾಳೆ. ಹಾಗಂತ ಪೂರಾ ನಾಟಕವೂ ಅಲ್ಲ. ಒಳಗಿನ ಹಳೆಯ ಕಹಿಯೂ ಆ ಬೈಗುಳದಲ್ಲಿ ಹೊರಬಿದ್ದಿದೆ. ನಮ್ಮ ತೀರ್ಪು: ಇಬ್ಬರೂ ಗೆದ್ದಿರಿ.

ಪ್ರ: ಅದೇ ಕಂತಿನಲ್ಲಿ ವಾಲ್ಟ್ ಡೈಪರ್ ಬದಲಿಸುವಾಗ ಮಗು ‘ಮಮಾ’ ಎನ್ನುವುದು ಚಿತ್ರಕಥೆಯಲ್ಲಿತ್ತೇ?

ಉ: ಇಲ್ಲ. ಸೆಟ್‌ನಲ್ಲಿದ್ದ ತಾಯಿಯನ್ನು ಕಂಡು ಮಗು ತಾನಾಗಿ ಅಂದದ್ದು. ವಾಲ್ಟ್ ಪಾತ್ರಧಾರಿ ಬ್ರಯಾನ್ ಕ್ರಾನ್‌ಸ್ಟನ್ ಪಾತ್ರ ಬಿಡದೆ ಮುಂದುವರಿಸಿದರು, ಆ ದೃಶ್ಯವೇ ಕಂತಿನಲ್ಲಿ ಉಳಿಯಿತು.