ಬ್ಯಾಗ್ ಕೊನೆಗೆ ತಗೋಳ್ರಿ, ಮೊದಲು ಸಾಮಾನು ತೂಗ್ರಿ

ಹರಿಹರದ ಅಣ್ಣಾರು ಹಾಕಿರೋ ಫೋಟೊ ನೋಡಿದೆ. ಚಾರಣಕ್ಕೆ ಬೆನ್ನಿಗೆ ಹಾಕೋ 65 ಲೀಟರ್ ಬ್ಯಾಗ್, ಖಾಲಿ ತೂಕ 650 ಗ್ರಾಂ, ಒಳಗೆ ಫ್ರೇಮ್, ಅಂದ್ರೆ ಬ್ಯಾಗ್ ನೆಟ್ಟಗೆ ನಿಲ್ಲಿಸೋ ಗಟ್ಟಿ ಚೌಕಟ್ಟು, ಇಲ್ಲ. ಅದಕ್ಕೆ 14 ಕೆಜಿ ತುಂಬಿ ಆರು ದಿನ ಉತ್ತರಾಖಂಡದ ಹರ್ ಕಿ ದೂನ್ ಕಣಿವೆಗೆ ಹೊರಟಿದ್ದಾರೆ, ಮನೆ ಮುಂದೆ ಹೊತ್ತು ನೋಡಿದ್ದಕ್ಕೇ ಭುಜ ನೋವು ಅಂತಿದ್ದಾರೆ. ಕೆಳಗೆ ಯಾರೋ "ಪಟ್ಟಿಗೆ ಇನ್ನೊಂದು ಸ್ಪಂಜ್ ಹೊಲಿಸಿ" ಅಂದಿದ್ದಾರೆ. ಹೊಲಿಸಬೇಡ್ರಿ. ತೊಂದ್ರೆ ಇರೋದು ಪಟ್ಟಿಯಲ್ಲಲ್ಲ.

ಫ್ರೇಮ್ ಇಲ್ಲದ ಬ್ಯಾಗ್ ಭಾರ ಬಿದ್ದ ಕೂಡಲೇ ಅರ್ಧ ಖಾಲಿ ಜೋಳದ ಚೀಲದ ಥರ ಮಡಚಿ ಕೂರುತ್ತೆ. ಭಾರ ಸೊಂಟಕ್ಕೆ ಇಳಿಯೋಕೆ ದಾರಿನೇ ಇರಲ್ಲ, ಸೊಂಟದ ಬೆಲ್ಟ್ ಬರೀ ಬ್ಯಾಗ್ ಅಲ್ಲಾಡದಂಗೆ ಹಿಡಿಯುತ್ತೆ ಅಷ್ಟೆ. ಇಂಥ ಬ್ಯಾಗ್‌ಗೆ 8-9 ಕೆಜಿ ಸರಿ, 11 ದಾಟಿದ್ರೆ ಸಾಕಪ್ಪಾ ಅನ್ಸುತ್ತೆ. ಖಾಲಿ ತೂಕ 1.2 ಕೆಜಿ ಇದ್ದು ಒಳಗೆ ಅಲ್ಯುಮಿನಿಯಂ ಪಟ್ಟಿ ಇರೋ ಬ್ಯಾಗ್‌ನಲ್ಲಿ ಅದೇ 14 ಕೆಜಿ ಹಾಕಿದ್ರೆ ಬಹುಪಾಲು ಸೊಂಟದ ಮೇಲೆ ಕೂರುತ್ತೆ. ಅರ್ಧ ಕೆಜಿ ಉಳಿಸೋಕೆ ಹೋಗಿ ಪೂರಾ ಭಾರ ಕುತ್ತಿಗೆಗೆ ಕಟ್ಕೊಂಡಂಗಾಯ್ತು. ರಿಟರ್ನ್ ದಿನ ಮುಗಿದಿಲ್ಲ ಅಂದ್ರೆ ಟ್ಯಾಗ್ ಕೀಳಬೇಡ್ರಿ.

ಅಂಗಡಿಯಲ್ಲಿ ಫ್ರೇಮ್ ಅಂತ ತೋರಿಸೋದು ಎಷ್ಟೋ ಸಲ ಬೆನ್ನಿನ ಕಡೆ ಸಿಕ್ಕಿಸಿದ ಪ್ಲಾಸ್ಟಿಕ್ ಹಾಳೆ. ಭುಜದ ಪಟ್ಟಿ ಶುರುವಾಗೋ ಜಾಗದ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಿ ನೋಡ್ರಿ. ಬೆನ್ನು ನಡುವೆ ಮಡಚಿತು ಅಂದ್ರೆ ಅದು ಫ್ರೇಮ್ ಅಲ್ಲ.

ಈಗ ಅಳತೆ. ಎಲ್ಲರೂ ಲೀಟರ್ ಕೇಳ್ತಾರೆ, ಯಾರೂ ಸಾಮಾನು ಅಳೆಯಲ್ಲ. ಕೊಂಡೊಯ್ಯೋದೆಲ್ಲ ಒಂದು ರಟ್ಟಿನ ಡಬ್ಬಕ್ಕೆ ತುಂಬ್ರಿ. ಸ್ಲೀಪಿಂಗ್ ಬ್ಯಾಗ್ ಒತ್ತಿ ಕಟ್ಟಿರಬೇಕು, ಊಟದ ಸಾಮಾನೂ ಒಳಗೇ ಬರಬೇಕು. ತುಂಬಿದಷ್ಟರ ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಸಾವಿರದಿಂದ ಭಾಗಿಸ್ರಿ. 40, 35, 35 ಬಂದ್ರೆ 49 ಲೀಟರ್. ಅಲ್ಲಿಗೆ 50-55ರ ಬ್ಯಾಗ್ ಸಾಕು. ಒಂದು ಮಾತು: ಕೆಲವು ಕಂಪನಿಗಳು ಹೊರಗಿನ ಜೇಬುಗಳನ್ನೂ ಸೇರಿಸಿ ಲೀಟರ್ ಬರೀತಾವೆ. 65ರ ಬ್ಯಾಗ್ ಇದ್ರೆ 65 ತುಂಬೋ ತನಕ ಕೈ ನಿಲ್ಲಲ್ಲ, ಅದೇ ದೊಡ್ಡ ರೋಗ. ಮಂಡಕ್ಕಿ ಹಗುರ ಅಂತ ಎರಡು ಪೊಟ್ಟಣ ತುರುಕೋರಿಗೆ: ಅದು ತೂಗಲ್ಲ ನಿಜ, ಆದ್ರೆ ಜಾಗ ತಿನ್ನುತ್ತೆ. ಅವಲಕ್ಕಿ, ಶೇಂಗಾ ಚಿಕ್ಕಿ, ಹುರಿಹಿಟ್ಟು ಒಯ್ರಿ.

ತೂಕಕ್ಕೆ ಒಂದು ಲಗೇಜ್ ತಕ್ಕಡಿ ಸಾಕು. ಟೆಂಟ್, ಮ್ಯಾಟ್, ಬಟ್ಟೆ, ಸ್ಟೋವ್ ಎಲ್ಲ ಸೇರಿ 7 ಕೆಜಿ ಅಂತ ಇಟ್ಕೊಳ್ರಿ. ಒಣ ಊಟ ದಿನಕ್ಕೆ 650 ಗ್ರಾಂನಂತೆ ಆರು ದಿನಕ್ಕೆ 3.9, ನೀರು 1 ಲೀಟರ್. ಒಟ್ಟು 11.9, ಫ್ರೇಮ್ ಬೇಕೇ ಬೇಕು. ಆ 7 ಕೆಜಿ 5ಕ್ಕೆ ಇಳಿದ್ರೆ ಆಗ ಫ್ರೇಮ್ ಇಲ್ಲದ್ದರ ಮಾತಾಡೋಣ. ಹರ್ ಕಿ ದೂನ್ ದಾರಿಯಲ್ಲಿ ನದಿ, ತೊರೆ ಇದಾವೆ, ಹಂಗಾಗಿ ಒಂದು ಲೀಟರ್ ನಡೆಯುತ್ತೆ. ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಕಡೆ ಬೇಸಿಗೆಯಲ್ಲಿ ಅದೇ ಲೆಕ್ಕ ಹಾಕಿದ್ರೆ ಕೆಟ್ರಿ, 3-4 ಲೀಟರ್ ಹೊರಬೇಕು, ಅಂದ್ರೆ ಅಷ್ಟೇ ಕೆಜಿ. ಸ್ಟೀಲ್ ಬಾಟಲಿ ಮನೇಲಿರಲಿ. ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಬಿಡಲ್ಲ, ರೈಲಲ್ಲೂ ಒಯ್ಯಂಗಿಲ್ಲ, ಡೆಹ್ರಾಡೂನ್‌ನಲ್ಲೇ ತಗೋಳ್ರಿ.

ಬೆನ್ನಿನ ಉದ್ದ ಅಳೆಯದೆ ಆರ್ಡರ್ ಹಾಕೋರಿಗೆ ಏನ್ ಹೇಳೋದು! ಆಳಿನ ಎತ್ತರ ನೋಡಿ ಬೆನ್ನಿನ ಉದ್ದ ಹೇಳೋಕಾಗಲ್ಲ, ಐದೂವರೆ ಅಡಿಯವರಿಗೆ ಆರಡಿಯವರಷ್ಟೇ ಬೆನ್ನು ಇರಬಹುದು. ತಲೆ ಬಗ್ಗಿಸಿದಾಗ ಕುತ್ತಿಗೆ ಬುಡದಲ್ಲಿ ಒಂದು ಮೂಳೆ ಉಬ್ಬುತ್ತಲ್ಲ, ಟೇಪ್ ಅಲ್ಲಿಂದ ಹಿಡೀರಿ. ಎರಡೂ ಕೈ ಸೊಂಟದ ಮೂಳೆಯ ಮೇಲಂಚಿಗೆ ಇಟ್ಟು ಹೆಬ್ಬೆರಳು ಹಿಂದಕ್ಕೆ ಚಾಚ್ರಿ, ಆ ಎರಡರ ನಡುವಿನ ಗೆರೆವರೆಗೆ ಅಳೀರಿ. ಇನ್ನೊಬ್ಬರು ಅಳೆಯಬೇಕು, ಒಬ್ಬರೇ ಅಳೆದ್ರೆ ಎರಡು ಮೂರು ಸೆಂಟಿಮೀಟರ್ ತಪ್ಪುತ್ತೆ. ಕಂಪನಿಯಿಂದ ಕಂಪನಿಗೆ ಸೈಜ್ ಬೇರೆ, ಚಾರ್ಟ್ ನೋಡ್ಲೇಬೇಕು. ಬೆಲ್ಟ್ ಸೊಂಟದ ಮೂಳೆಯ ಮೇಲೆ ಕೂರಬೇಕು. ಹೊಟ್ಟೆ ಮೇಲೆ ಕೂತ್ರೆ ಉಸಿರು ಕಟ್ಟುತ್ತೆ, ತೊಡೆಗಿಳಿದ್ರೆ ಹತ್ತುವಾಗ ಕಾಲು ಎತ್ತೋಕಾಗಲ್ಲ. ಬಿಗಿಯೋ ಕ್ರಮ: ಎಲ್ಲ ಸಡಿಲ ಮಾಡಿ ಮೊದಲು ಸೊಂಟ, ಆಮೇಲೆ ಭುಜ, ಆಮೇಲೆ ಭುಜದ ಮೇಲಿನ ಸಣ್ಣ ಪಟ್ಟಿ, ಕೊನೆಗೆ ಎದೆ.

ಇನ್ನು ಬ್ರ್ಯಾಂಡ್ ಮಾತು. ಆಸ್ಪ್ರೇ ಕಂಪನಿಯ ಎಕ್ಸೋಸ್ ಬ್ಯಾಗ್ ಚೆನ್ನಾಗಿದೆ, ಜೇಬಿಗೆ ಭಾರ. ಬೆನ್ನಿಗೆ ಜಾಲರಿ ಇರೋದ್ರಿಂದ ನಮ್ಮ ಸೆಕೆಗೆ ಗಾಳಿ ಆಡುತ್ತೆ, ಆದ್ರೆ ಆ ಸಂದಿಯಿಂದಲೇ ಭಾರ ಬೆನ್ನಿಂದ ದೂರ ಹೋಗಿ ಸ್ವಲ್ಪ ಹಿಂದಕ್ಕೆ ಎಳೆಯುತ್ತೆ. ಡೆಕಾಥ್ಲಾನ್‌ನ ಲಾಭ ಅಂದ್ರೆ ಅಂಗಡಿಯಲ್ಲಿ ಹೊತ್ತು ನೋಡಬಹುದು. ಸಾಮಾನು ಮನೆಯಿಂದಲೇ ಒಯ್ದು ಬ್ಯಾಗ್‌ಗೆ ತುಂಬಿ ಅರ್ಧ ಗಂಟೆ ಓಡಾಡ್ರಿ, ನಾಚಿಕೆ ಯಾಕೆ? ಹೆಸರಿಲ್ಲದ ಆನ್‌ಲೈನ್ ಬ್ಯಾಗ್‌ಗಳಲ್ಲಿ ಮೊದಲು ಬಿಡೋದು ಭುಜದ ಪಟ್ಟಿಯ ಬುಡದ ಹೊಲಿಗೆ. ಅಲ್ಲಿ ಒತ್ತೊತ್ತಾಗಿ ಅಡ್ಡ ಹೊಲಿಗೆ ಬಿದ್ದಿದೆಯಾ ನೋಡ್ರಿ. ಇಲ್ಲ ಅಂದ್ರೆ ಬ್ಯಾಗ್ ರಿಪೇರಿಯವರ ಹತ್ರ ನೈಲಾನ್ ದಾರದಲ್ಲೇ ಹಾಕಿಸ್ರಿ, ಹತ್ತಿ ದಾರ ಬೆವರಿಗೆ ಕೊಳೆಯುತ್ತೆ.

ಬ್ಯಾಗ್‌ನ ಬಟ್ಟೆ 70 ಡೆನಿಯರ್ (ದಾರ ಎಷ್ಟು ದಪ್ಪ ಅನ್ನೋ ಲೆಕ್ಕ) ಇದ್ರೆ ಹಗುರ ಹೌದು, ಆದ್ರೆ ದುರ್ಗದ ಕಡೆ ಜಾಲಿ ಮುಳ್ಳು, ಲಂಟಾನಕ್ಕೆ ಸಿಕ್ರೆ ಉಳಿಯಲ್ಲ. ತಳ ಕನಿಷ್ಠ 210 ಇರಲಿ, ಬಂಡೆ ಮೇಲೆ ಕುಕ್ಕರಿಸೋದು ಅದೇ.

ಫ್ರೇಮ್ ಇಲ್ಲದ್ದನ್ನೇ ಇಟ್ಕೋತೀನಿ ಅನ್ನೋರು ಫೋಮ್ ಮ್ಯಾಟ್ ಹೊರಗೆ ಕಟ್ಟೋ ಬದಲು ಒಳಗೆ ಬೆನ್ನಿಗೆ ಹತ್ತಿ ನಾಲ್ಕು ಪದರ ಮಡಚಿ ನಿಲ್ಲಿಸ್ರಿ. ಒಂದೆರಡು ಕೆಜಿ ಹೆಚ್ಚು ತಡೆಯುತ್ತೆ, ಜಾಗ ಹೋಗುತ್ತೆ. ಸ್ಲೀಪಿಂಗ್ ಬ್ಯಾಗ್ ತಳಕ್ಕೆ, ಊಟ-ನೀರಿನ ಭಾರ ಬೆನ್ನಿಗೆ ಹತ್ತಿ ನಡುವೆ. ಕೊಟ್ಟೂರು ಪಾದಯಾತ್ರೆಗೆ ಇದ್ಯಾವ ಲೆಕ್ಕನೂ ಬೇಡ, ದಾರಿಯಲ್ಲಿ ದಾಸೋಹ ಇರುತ್ತೆ, 25 ಲೀಟರ್ ಬ್ಯಾಗ್ ಧಾರಾಳ.

ಮಳೆಗೆ ಕವರ್ ನಂಬಬೇಡ್ರಿ, ನೀರು ಬೆನ್ನಿನ ಕಡೆಯಿಂದ ಇಳಿಯುತ್ತೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ತಿರುಚಿ ಮಡಚ್ರಿ. ಗೊಬ್ಬರದ ಚೀಲದ ಒಳಪದರ ಪುಕ್ಕಟೆ ಸಿಗುತ್ತೆ ಅಂತ ಅದನ್ನ ಹಾಕಬೇಡ್ರಿ, ಊಟದ ಸಾಮಾನಿಗೆ ವಾಸನೆ ಹಿಡಿಯುತ್ತೆ.

ಉದ್ದ ಉಳಿದ ಪಟ್ಟಿ ಕತ್ತರಿಸೋ ಉತ್ಸಾಹ ಇದ್ರೆ ಪೂರ್ತಿ ಭಾರ ಹಾಕಿ, ಸ್ವೆಟರ್ ಮೇಲೆ ಹಾಕಿ ಕುಂದವಾಡ ಕೆರೆ ಸುತ್ತಿದ ಮೇಲೆ ಕತ್ತರಿಸ್ರಿ, ತುದಿಗೆ ಲೈಟರ್ ತೋರಿಸ್ರಿ. ವಾಪಸ್ ಬಂದ ಮೇಲೆ ಒದ್ದೆ ಬ್ಯಾಗ್ ಅಟ್ಟಕ್ಕೆ ಎಸೆದ್ರೆ ಒಳಗಿನ ಲೇಪ ಅಂಟಂಟಾಗಿ ಸುಲಿಯುತ್ತೆ, ನೆರಳಲ್ಲಿ ಒಣಗಿಸಿ ಸಡಿಲವಾಗಿ ನೇತುಹಾಕ್ರಿ.