ಗರ್ಭಿಣಿಯರು ಮ್ಯಾಕರೆಲ್ ತಿನ್ನಬಾರದು ಎಂಬ ಮಾತು ನಮ್ಮ ಬಂಗುಡೆಗೂ ಅನ್ವಯಿಸುತ್ತದೆಯೇ?

ಗರ್ಭಿಣಿಯರಿಗೆ ಮ್ಯಾಕರೆಲ್ ಒಳ್ಳೆಯದಲ್ಲವೆಂದು ಎಲ್ಲೋ ಓದಿ, ರಸೆಲ್ ಮಾರ್ಕೆಟ್‌ನಿಂದ ವಾರವಾರವೂ ಪತ್ನಿಗಾಗಿ ತರುತ್ತಿದ್ದ ಬಂಗುಡೆಯನ್ನು ನಿಲ್ಲಿಸಿರುವುದಾಗಿ ಬರೆದಿದ್ದೀರಿ. ನಾನು ವೈದ್ಯನಲ್ಲ, ಮಲ್ಪೆಯ ಬಳಿ ಬೆಳೆದು, ಇಪ್ಪತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಮೀನು ಕೊಳ್ಳುತ್ತಿರುವವನು. ಇದು ಹೆಸರಿನಿಂದಾದ ಗೊಂದಲವೆಂದು ನನಗೆ ತೋರುತ್ತದೆ.

ಮ್ಯಾಕರೆಲ್ ಎಂಬುದು ಒಂದೇ ಮೀನಿನ ಹೆಸರಲ್ಲ, ನಮ್ಮ ಬಂಗುಡೆಯನ್ನು ಇಂಗ್ಲಿಷಿನಲ್ಲಿ ಇಂಡಿಯನ್ ಮ್ಯಾಕರೆಲ್ ಎನ್ನುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಗರ್ಭಿಣಿಯರಿಗೆ ಬೇಡವೆಂದಿರುವುದು ಕಿಂಗ್ ಮ್ಯಾಕರೆಲ್ ಅನ್ನು. ಅದೇ ಪಟ್ಟಿಯಲ್ಲಿ ಅಟ್ಲಾಂಟಿಕ್ ಮ್ಯಾಕರೆಲ್ ಉತ್ತಮ ಮೀನುಗಳ ಸಾಲಿನಲ್ಲಿದೆ. ಕಿಂಗ್ ಮ್ಯಾಕರೆಲ್ ಬೇರೆ ಮೀನುಗಳನ್ನು ತಿಂದು ಹಲವು ವರ್ಷ ಬದುಕುವ ದೊಡ್ಡ ಮೀನಾದ್ದರಿಂದ, ಸಣ್ಣ ಮೀನುಗಳಲ್ಲಿ ಅಷ್ಟಿಷ್ಟಿರುವ ಪಾದರಸವೆಲ್ಲ ಅದರ ಮಾಂಸದಲ್ಲಿ ಕೂಡುತ್ತಾ ಹೋಗುತ್ತದೆ. ನಮ್ಮ ಕಡಲಿನಲ್ಲಿ ಅದರ ಹತ್ತಿರದ ಬಂಧು ಅಂಜಲ್. ಇಲ್ಲಿನ ಕೆಲವು ಅಂಗಡಿಗಳು ಅಂಜಲನ್ನೇ ಕಿಂಗ್ ಮ್ಯಾಕರೆಲ್ ಎಂದು ಮಾರುತ್ತವೆ. ವೈದ್ಯರನ್ನು ಕೇಳಬೇಕಾದದ್ದು ಅದರ ಬಗ್ಗೆ. ಬಂಗುಡೆಯಾದರೋ ಗೇಣುದ್ದದ ಮೀನು. ಕಿವಿರಿನೊಳಗಿನ ಬಾಚಣಿಗೆಯಂಥ ಎಳೆಗಳಲ್ಲಿ ನೀರು ಸೋಸಿ, ಅದರಲ್ಲಿ ತೇಲುವ ಪ್ಲವಕಗಳೆಂಬ ಸಣ್ಣ ಜೀವಿಗಳನ್ನು ತಿನ್ನುವುದರಿಂದ ಅದರಲ್ಲಿ ಪಾದರಸ ಕಡಿಮೆ, ಒಮೆಗಾ-3 ಕೊಬ್ಬು ಧಾರಾಳ.

ಬಂಗುಡೆಯ ವಿಷಯದಲ್ಲಿ ನಾನು ಅಂಜುವುದು ಪಾದರಸಕ್ಕಲ್ಲ, ಐಸ್ ಇಲ್ಲದಿರುವುದಕ್ಕೆ. ಇದರ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಮೀನು ಬೆಚ್ಚಗಿದ್ದಷ್ಟು ಹೊತ್ತೂ ಬ್ಯಾಕ್ಟೀರಿಯಾಗಳು ಅದನ್ನು ಅಲರ್ಜಿಯಂಥ ಲಕ್ಷಣಗಳನ್ನು ತರುವ ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ, ಮತ್ತು ಒಮ್ಮೆ ಉಂಟಾದ ಹಿಸ್ಟಮಿನ್ ಎಷ್ಟು ಕುದಿಸಿದರೂ ಹುರಿದರೂ ನಾಶವಾಗುವುದಿಲ್ಲ. ಒಮ್ಮೆ ಮಧ್ಯಾಹ್ನ ರಸ್ತೆ ಬದಿಯಲ್ಲಿ ಐಸ್ ಕರಗಿದ ಬುಟ್ಟಿಯಿಂದ ಅಗ್ಗವೆಂದು ಒಂದು ಕಿಲೋ ತಂದೆ. ನಾಲಿಗೆ ಚುರುಗುಟ್ಟಿದ್ದು ಪುಳಿಮುಂಚಿಯ ಮೆಣಸಿನಿಂದಲೇ ಎಂದುಕೊಂಡು ಉಂಡವನಿಗೆ ಅರ್ಧ ಗಂಟೆಯೊಳಗೆ ಮುಖವೆಲ್ಲ ಕೆಂಪೇರಿ, ತಲೆ ಸಿಡಿದು, ಎದೆ ಡವಗುಟ್ಟತೊಡಗಿತು. ವೈದ್ಯರು ಅಲರ್ಜಿಯ ಮಾತ್ರೆ ಕೊಟ್ಟು, ಇದು ಅಲರ್ಜಿಯಲ್ಲ, ಕೆಟ್ಟ ಮೀನಿನ ಫಲ ಎಂದರು.

ಕರಾವಳಿಯಿಂದ ಸುಮಾರು 350ರಿಂದ 400 ಕಿಲೋಮೀಟರ್ ದಾಟಿ ಬರುವ ಮೀನು ಇಲ್ಲಿಗೆ ತಲುಪುವಾಗಲೇ ಒಂದೆರಡು ದಿನ ಹಳೆಯದಾಗಿರಬಹುದು. ದಾರಿಯುದ್ದಕ್ಕೂ ಐಸಿನಲ್ಲಿದ್ದರೆ ಅದರಲ್ಲಿ ದೋಷವಿಲ್ಲ. ಬೆಳಿಗ್ಗೆ ಬೇಗ ಹೋಗಿ, ತಲೆ ತೆಗೆಯದ ಇಡೀ ಮೀನನ್ನೇ ಕೇಳಿ. ಕಿವಿರು ಕೆಂಪಗಿರಬೇಕು, ಕಣ್ಣು ಗುಳಿಬಿದ್ದಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಹೊಟ್ಟೆ ಒತ್ತಿ ನೋಡಿ, ಏಕೆಂದರೆ ಬಂಗುಡೆ ಮೊದಲು ಮೆತ್ತಗಾಗಿ ಒಡೆಯುವುದು ಅಲ್ಲಿಯೇ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ‘ಇವತ್ತಿನ ಮಂಗಳೂರು ಮಾಲು’ ಎಂಬ ಮಾತನ್ನು ನಾನು ನಂಬುವುದಿಲ್ಲ. ಬೇರೆ ಸಾಮಾನೆಲ್ಲ ಕೊಂಡಾದ ಮೇಲೆ ಕೊನೆಗೆ ಮೀನು ಕೊಂಡು, ಚೀಲಕ್ಕೆ ಒಂದು ಹಿಡಿ ಐಸ್ ಹಾಕಿಸಿಕೊಳ್ಳಿ. ನಮ್ಮ ಟ್ರಾಫಿಕ್ಕಿನಲ್ಲಿ ಮನೆ ತಲುಪಲು ಒಂದು ಗಂಟೆಯಾದರೂ ಬೇಕಲ್ಲ.