ನ್ಯಾನಿ ಆಂಟಿ ದಿನಾ ಲೇಟು: ಎಡಿಸನ್‌ಗೆ ಹೊಸದಾಗಿ ಬಂದವರಿಗೆ ಒಂದು ಉತ್ತರ

ನಿಮ್ಮ ಪ್ರಶ್ನೆ ಓದಿದೆ ಕಣಮ್ಮ. ಮೈಸೂರಿನಿಂದ ನ್ಯೂಜೆರ್ಸಿಯ ಎಡಿಸನ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಮಗುವಿಗೆ ಹದಿನಾಲ್ಕು ತಿಂಗಳು. ಎಂಟಕ್ಕೆ ಬರಬೇಕಾದ ಗುಜರಾತಿ ಆಂಟಿ ವಾರದಲ್ಲಿ ಮೂರು ದಿನ ಎಂಟೂಕಾಲು ಮಾಡುತ್ತಾರೆ, ಒಮ್ಮೊಮ್ಮೆ ಎಂಟೂವರೆ. ಯಜಮಾನರಿಗೆ ಮೆಟ್ರೋಪಾರ್ಕ್ ಸ್ಟೇಷನ್‌ನಲ್ಲಿ ಟ್ರೈನ್ ತಪ್ಪುತ್ತದೆ, ನಿಮಗೆ ಎಂಟೂವರೆಗೇ ಬೆಂಗಳೂರಿನವರ ಜೊತೆ ಕಾಲ್. "ವಯಸ್ಸಿನಲ್ಲಿ ದೊಡ್ಡವರು, ಹೇಗೆ ಹೇಳೋದು? ಸಂಬಳ ಹಿಡಿಯಬಹುದಾ? ಬಿಡಿಸಿಬಿಡಲಾ?" ಅಂತ ಕೇಳಿದ್ದೀರಿ.

ಬಿಡಿಸುವ ಮಾತು ಕೊನೆಗೆ ಇರಲಿ. ಮೊದಲು ಒಂದು ವಿಷಯ ತಿಳಿದುಕೊಳ್ಳಿ: ಅವರನ್ನು ನಿಮ್ಮ ಮನೆಗೆ ಕರೆತರುವವರು ಯಾರು?

ನಮ್ಮ ಕಡೆ ಎಡಿಸನ್, ಐಸೆಲಿನ್‌ನಲ್ಲಿ ಮಗು ನೋಡಿಕೊಳ್ಳುವ ಆಂಟಿಯರಲ್ಲಿ ಬಹಳ ಜನಕ್ಕೆ ಡ್ರೈವಿಂಗ್ ಬರುವುದಿಲ್ಲ. ಮಗನೋ ಸೊಸೆಯೋ ಆಫೀಸಿಗೆ ಹೋಗುವ ದಾರಿಯಲ್ಲಿ ಇಳಿಸಿ ಹೋಗುತ್ತಾರೆ. ಆ ಮನೆಯಲ್ಲೂ ಮೊಮ್ಮಕ್ಕಳಿರುತ್ತಾರೆ, ಅವರ ಸ್ಕೂಲ್ ಬಸ್ ಬರುವವರೆಗೆ ಮಗನಿಗೆ ಹೊರಡಲು ಆಗುವುದಿಲ್ಲ. ಆ ಹಳದಿ ಬಸ್ ಹತ್ತು ನಿಮಿಷ ತಡವಾದರೆ ನಿಮ್ಮ ಬಾಗಿಲು ತಟ್ಟುವುದೂ ಹತ್ತು ನಿಮಿಷ ತಡ. ಇನ್ನು ಕೆಲವರು ಇಬ್ಬರು ಮೂವರು ಸೇರಿ ಒಂದೇ ಕಾರಿನಲ್ಲಿ ಬರುತ್ತಾರೆ. ಅವರಲ್ಲಿ ಒಬ್ಬರು ಲೇಟಾದರೆ ಎಲ್ಲರೂ ಲೇಟು. ಚಳಿಗಾಲದಲ್ಲಂತೂ ಕೇಳಲೇಬೇಡಿ. ಗಾಡಿ ಮೇಲಿನ ಹಿಮ ತೆಗೆಯದೆ ರಸ್ತೆಗಿಳಿದರೆ ನ್ಯೂಜೆರ್ಸಿಯಲ್ಲಿ 25ರಿಂದ 75 ಡಾಲರ್ ದಂಡ. ಗಾಜಿನ ಮೇಲೆ ಕಟ್ಟಿದ ಐಸ್ ಕೆರೆದು ಮುಗಿಸುವುದರೊಳಗೆ ಕಾಲು ಗಂಟೆ ಮಾಯ.

ಇಂಥ ಕಡೆ "ನಾಳೆಯಿಂದ ಸರಿಯಾಗಿ ಎಂಟಕ್ಕೆ ಬನ್ನಿ" ಅಂತ ಹೇಳಿ ಪ್ರಯೋಜನವಿಲ್ಲ. ಎರಡು ದಿನ ಬಂದಾರು, ಮೂರನೇ ದಿನ ಅದೇ ಕಥೆ. ಗಡಿಯಾರ ಅವರ ಕೈಲಿ ಇಲ್ಲ, ಮಗನ ಕೈಲಿದೆ.

ಅದಕ್ಕೇ ನಾನು ಹೊಸಬರಿಗೆಲ್ಲ ಹೇಳುವುದು ಇಷ್ಟೇ. ನಿಮಗೆ ಎಂಟಕ್ಕೆ ಮನೆ ಬಿಡಬೇಕಾದರೆ ಆಂಟಿಯ ಕೆಲಸ ಏಳೂವರೆಗೆ ಶುರುವಾಗಲಿ. ಆ ಅರ್ಧ ಗಂಟೆಗೆ ದುಡ್ಡು ಕೊಡಿ. ಪುಕ್ಕಟೆಯಾಗಿ "ಸ್ವಲ್ಪ ಬೇಗ ಬನ್ನಿ" ಅನ್ನಬೇಡಿ. ಅವರು ಎಂಟಕ್ಕೆ ಸರಿಯಾಗಿ ಬಂದರೂ ನೀವು ಎಂಟಕ್ಕೆ ಹೊರಡುವುದು ಸಾಧ್ಯವಿಲ್ಲ, ಅಲ್ವಾ? ರಾತ್ರಿ ಮಗು ಎಷ್ಟು ಸಲ ಎದ್ದಿತು, ಹಾಲು ಕುಡಿಯಿತಾ, ಜ್ವರದ ಔಷಧಿ ಎಷ್ಟು ಹೊತ್ತಿಗೆ ಕೊಟ್ಟಿದ್ದು, ರಾಗಿ ಸರಿ ಯಾವ ಡಬ್ಬಿಯಲ್ಲಿದೆ, ಇಷ್ಟು ಹೇಳಲಿಕ್ಕೇ ಹತ್ತು ನಿಮಿಷ ಬೇಕು. ಅಮ್ಮ ಶೂ ಹಾಕಿಕೊಂಡಿದ್ದು ಕಂಡ ತಕ್ಷಣ ಮಗು ಕಾಲು ಹಿಡಿದು ಅಳುತ್ತದೆ, ಅದಕ್ಕೆ ಇನ್ನೈದು.

ಖರ್ಚು ಲೆಕ್ಕ ಹಾಕೋಣ. ಗಂಟೆಗೆ 20 ಡಾಲರ್ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆವರೆಗೆ ಅಂದರೆ ವಾರಕ್ಕೆ 40 ಗಂಟೆ ದಾಟಿರುತ್ತದೆ. 40ರ ಮೇಲಿನದ್ದಕ್ಕೆಲ್ಲ ಕಾನೂನು ಪ್ರಕಾರ ಒಂದೂವರೆ ಪಟ್ಟು ಕೊಡಬೇಕು. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಎರಡೂವರೆ ಗಂಟೆ, ಗಂಟೆಗೆ 30ರಂತೆ 75 ಡಾಲರ್. ಜಾಸ್ತಿಯೇ, ಇಲ್ಲ ಅನ್ನುವುದಿಲ್ಲ. ಕಾಲು ಗಂಟೆ ಸಾಕು ಅನ್ನಿಸಿದರೆ ಅದರ ಅರ್ಧ. ಯಜಮಾನರಿಗೆ ಟ್ರೈನ್ ತಪ್ಪುವ ತಲೆಬಿಸಿಗಿಂತ ಅಗ್ಗ.

ಸಂಬಳ ಹಿಡಿಯುವ ವಿಚಾರ. ಗಂಟೆ ಲೆಕ್ಕದ ಸಂಬಳವಾದರೆ ಕೆಲಸ ಮಾಡದ ಇಪ್ಪತ್ತು ನಿಮಿಷಕ್ಕೆ ಕೊಡದೇ ಇರಬಹುದು. ಅದರ ಮೇಲೆ "ಲೇಟ್ ಆದ್ದಕ್ಕೆ ಹತ್ತು ಡಾಲರ್ ಕಟ್" ಅಂತ ದಂಡ ಹಾಕುವ ಹಾಗಿಲ್ಲ. ಊರಲ್ಲಿ ಕೆಲಸದವರಿಗೆ ಹಾಗೆ ಮಾಡುವುದನ್ನು ನೋಡಿರುತ್ತೀರಿ, ಇಲ್ಲಿ ಅದು ನಡೆಯುವುದಿಲ್ಲ. ನನ್ನನ್ನು ಕೇಳಿದರೆ ಆ ಇಪ್ಪತ್ತು ನಿಮಿಷವನ್ನೂ ಹಿಡಿಯಲು ಹೋಗಬೇಡಿ. ಇಡೀ ದಿನ ನಿಮ್ಮ ಮಗುವನ್ನು ಎತ್ತಿಕೊಂಡಿರುವವರು ಅವರು. ಹತ್ತು ಡಾಲರ್ ಉಳಿಸಿ ಅವರ ಮುಖ ಊದಿಸಿ ಏನು ಸಿಗುತ್ತದೆ?

ಸಂಜೆಯ ಕಡೆಗೂ ಒಮ್ಮೆ ನೋಡಿಕೊಳ್ಳಿ. ಈ ಆಂಟಿಯರ ಜೊತೆ ಕೂತು ಚಹಾ ಕುಡಿದರೆ ಅವರ ದೂರೂ ಗೊತ್ತಾಗುತ್ತದೆ: "ಆರೂವರೆ ಅಂತಾರೆ, ಏಳಾದರೂ ಬರಲ್ಲ, ಅದನ್ನ ಯಾರೂ ಬರೆದಿಡಲ್ಲ." ನ್ಯೂಯಾರ್ಕ್‌ನ ಪೆನ್ ಸ್ಟೇಷನ್‌ನಿಂದ ಬರುವ ಟ್ರೈನ್ ನಿಂತಿತು ಅಂದರೆ ನಮ್ಮದು ಕಾರಣ, ಅವರ ಮೊಮ್ಮಗನ ಬಸ್ ನಿಂತಿತು ಅಂದರೆ ನೆಪ! ಸಂಜೆಯ ಹೆಚ್ಚಿನ ನಿಮಿಷಗಳಿಗೆ ನೀವು ಕೊಡುತ್ತಿದ್ದರೆ ಮಾತ್ರ ಬೆಳಗಿನ ಮಾತಿಗೆ ತೂಕ.

ಎಲ್ಲಾ ಕಾಗದದ ಮೇಲೆ ಇರಲಿ. 2024ರ ಜುಲೈನಿಂದ ನ್ಯೂಜೆರ್ಸಿಯಲ್ಲಿ ಮನೆಕೆಲಸದವರಿಗೆ ಬೇರೆ ಕಾನೂನೇ ಬಂದಿದೆ. ಕೆಲಸದ ವೇಳೆ, ಸಂಬಳ, ಬಿಡುವು ಎಲ್ಲಾ ಬರೆದ ಒಪ್ಪಂದ ಬೇಕು, ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲೇ "ಹತ್ತು ನಿಮಿಷಕ್ಕಿಂತ ತಡವಾಗುವುದಿದ್ದರೆ ಏಳು ಗಂಟೆಯೊಳಗೆ ಫೋನ್" ಅಂತಲೂ ಒಂದು ಸಾಲು ಹಾಕಿ. ನಗದು ಕೊಟ್ಟು ಕೈತೊಳೆದುಕೊಳ್ಳೋಣ ಅನ್ನುವವರು ಇಲ್ಲಿ ಬೇಕಾದಷ್ಟು ಸಿಗುತ್ತಾರೆ, ಅವರ ಮಾತು ಕೇಳಬೇಡಿ. 2025ರಲ್ಲಿ ಒಬ್ಬರಿಗೆ ವರ್ಷಕ್ಕೆ 2,800 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ (ಸರ್ಕಾರದ ಪಿಂಚಣಿ, ವಯಸ್ಸಾದವರ ಆರೋಗ್ಯ ವಿಮೆ) ತೆರಿಗೆ ಕಟ್ಟಲೇಬೇಕಿತ್ತು. ಈ ಮೊತ್ತ ವರ್ಷವರ್ಷ ಬದಲಾಗುತ್ತದೆ, ಆಯಾ ವರ್ಷದ್ದು ನೋಡಿಕೊಳ್ಳಿ. ಅವರಿಗೆ ಇಲ್ಲಿ ಕೆಲಸ ಮಾಡಲು ಅನುಮತಿ ಇದೆಯಾ ಅಂತ ಐ-9 ಫಾರ್ಮ್ ತುಂಬಿಸಿ ನೋಡುವುದೂ ನಿಮ್ಮದೇ ಜವಾಬ್ದಾರಿ. ನೀವಿರುವುದು ಎಚ್-1ಬಿ ಕೆಲಸದ ವೀಸಾ ಮೇಲೆ, ಸುಮ್ನೆ ಯಾಕೆ ತಲೆನೋವು.

ಈಗ ಹೇಳೋದು ಹೇಗೆ ಅಂತ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಗಡಿಯಾರ ತೋರಿಸಿ ಅಲ್ಲ. ಒಂದು ಸಂಜೆ ಯಜಮಾನರ ಕೈಗೆ ಮಗು ಕೊಟ್ಟು ಚಹಾಕ್ಕೆ ಕೂರಿಸಿ. "ಆಂಟಿ, ಆಪ್ ಕಿತ್ನೇ ಬಜೇ ಆರಾಮ್ ಸೇ ಆ ಸಕ್ತೀ ಹೈಂ?" (ನೀವು ಎಷ್ಟು ಗಂಟೆಗೆ ಆರಾಮಾಗಿ ಬರಬಹುದು?) ಅಂತ ಕೇಳಿ, ಆಮೇಲೆ ಸುಮ್ಮನಿರಿ. ಉತ್ತರ ಅವರೇ ಹೇಳಲಿ. ಎಂಟೂವರೆಗೆ ಮುಂಚೆ ಆಗುವುದೇ ಇಲ್ಲ ಅಂದರೆ ಅದೂ ಗೊತ್ತಾಗಲಿ, ಆಗ ಯಜಮಾನರು ಮುಂದಿನ ಟ್ರೈನ್ ಹಿಡಿಯಬಹುದಾ ನೋಡಿ. ದೊಡ್ಡವರಿಗೆ ಹೇಳಬಾರದು ಅಂತ ತಿಂಗಳುಗಟ್ಟಲೆ ನುಂಗಿಕೊಂಡು ಒಂದು ದಿನ ಕಿರುಚಾಡುವುದು ಇದೆಯಲ್ಲ, ನಮ್ಮವರು ಸಾಮಾನ್ಯವಾಗಿ ಮಾಡುವುದು ಅದೇ.

ಇಷ್ಟಾದ ಮೇಲೂ ಫೋನಿಲ್ಲ, ಕೇಳಿದರೆ ದಿನಕ್ಕೊಂದು ಕಥೆ ಅಂದರೆ ಬೇರೆಯವರನ್ನು ಹುಡುಕಿ, ಸಂಕೋಚ ಬೇಡ. ಕನಿಷ್ಠ ಎರಡು ವಾರದ ನೋಟಿಸ್ ಕೊಡಬೇಕು, ಆ ಎರಡು ವಾರ ಮಗು ಅವರ ಕೈಲೇ ಇರುತ್ತದೆ ಅನ್ನುವುದು ನೆನಪಿರಲಿ, ಮಾತು ಕೆಡಿಸಿಕೊಳ್ಳಬೇಡಿ. ಅಷ್ಟರಲ್ಲಿ ಇಲ್ಲಿನ ಬೃಂದಾವನ ಕನ್ನಡ ಕೂಟದ ಪರಿಚಯದವರನ್ನೆಲ್ಲ ಕೇಳಿಡಿ. ಮಗು ಸ್ಕೂಲಿಗೆ ಸೇರಿ ಆಂಟಿಯನ್ನು ಬಿಡುತ್ತಿರುವ ಮನೆ ಒಂದಾದರೂ ಸಿಗುತ್ತದೆ. ನಡೆದೇ ಬರುವಷ್ಟು ಹತ್ತಿರದವರು ಸಿಕ್ಕರೆ ಗಂಟೆಗೆ ಒಂದು ಡಾಲರ್ ಹೆಚ್ಚು ಕೇಳಿದರೂ ಬಿಡಬೇಡಿ.